ನಾನೂರ ಹದಿನೇಳು ರೂಪಾಯಿಯ ಲೆಕ್ಕ

2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಸಂಬಳಕ್ಕೆ ತಿಂಗಳಿಗೆ 417 ರೂಪಾಯಿ ಸೇರಬೇಕಿತ್ತು. ಅದು ಬಡ್ತಿಯೂ ಅಲ್ಲ, ಬೋನಸ್ಸೂ ಅಲ್ಲ. ಹಿಂದಿನ ವರ್ಷ ಅಕ್ಕಿ, ಬೇಳೆ, ಎಣ್ಣೆ, ಬಾಡಿಗೆ ಏರಿದ್ದಕ್ಕೆ ಸರ್ಕಾರದ ಸೂತ್ರವೇ ಲೆಕ್ಕ ಹಾಕಿ ಹೇಳಿದ ತುಟ್ಟಿಭತ್ಯೆ, ಕಾರ್ಖಾನೆಯವರ ಬಾಯಲ್ಲಿ ಡಿಎ. ಆ ವರ್ಷ ಅದು ಬರಲಿಲ್ಲ. ಲಾಕ್‌ಡೌನ್‌ನಿಂದ ಉದ್ಯಮ ನಷ್ಟದಲ್ಲಿದೆ ಎಂದು ಮಾಲೀಕರು ಅರ್ಜಿ ಹಿಡಿದು ಹೋದರು. ಜುಲೈನಲ್ಲಿ ರಾಜ್ಯ ಸರ್ಕಾರ ಡಿಎಯನ್ನು ಮುಂದಿನ ಮಾರ್ಚ್‌ವರೆಗೆ ಮುಂದೂಡಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿನ ಬಾಗಿಲು ತಟ್ಟಿದವು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ತಡೆ ಬಂದ ಮೇಲಾದರೂ ಹಣ ಕೈಗೆ ಸೇರಬೇಕಿತ್ತು. ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ, ಬಹುಪಾಲು ಹೆಂಗಸರಿಗೆ, ತಿಂಗಳ ಮೇಲೆ ತಿಂಗಳು ಬಾಕಿ ಉಳಿಯುತ್ತಾ ಹೋಯಿತು. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಇದನ್ನು ತಾನು ಕಂಡ ಅತ್ಯಂತ ಗಂಭೀರವಾದ ಸಂಬಳ ಕಳವು ಎಂದು ಕರೆಯಿತು. ಹೊರದೇಶದ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ನಂತರ, 2022ರ ಹೊತ್ತಿಗೆ, ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸತೊಡಗಿದವು.

417 ರೂಪಾಯಿಯನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ ಚಿಲ್ಲರೆ. ಆಗಿನ ಅರ್ಧ ಲೀಟರ್ ನಂದಿನಿ ಹಾಲಿಗೂ ಅದು ಸಾಲದು. ಇಷ್ಟು ಚಿಕ್ಕ ಹಣಕ್ಕೆ ಇಷ್ಟು ದೊಡ್ಡ ಜಗ್ಗಾಟ ಯಾಕೆ ನಡೆಯಿತು ಎಂದು ಕೇಳುತ್ತಾ ಹೋದಂತೆ, ಸಂಬಳ ಬೆಲೆಯ ಸಮಕ್ಕೆ ಬರುತ್ತಿದೆಯೇ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲೇ. ದೇಶದ ಸರಾಸರಿಗಳಲ್ಲಿ ಅದು ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ.

ಸರಾಸರಿಗಳು ಹೇಳುವುದನ್ನೂ ಒಮ್ಮೆ ನೋಡಿಬಿಡೋಣ. ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆಯ ಪ್ರಕಾರ, ಬೆಲೆ ಏರಿಕೆಯನ್ನು ಕಳೆದು ನೋಡಿದರೆ ನಿಯತ ಸಂಬಳದ ಮಹಿಳೆಯರ ಗಳಿಕೆ 2017-18ಕ್ಕಿಂತ 2023-24ರಲ್ಲಿ ಶೇ 12ರಷ್ಟು ಕಡಿಮೆಯಾಗಿದೆ. ಗಂಡಸರದ್ದೂ ಇಳಿದಿದೆ, ಆದರೆ ಅಷ್ಟಲ್ಲ. ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22ಕ್ಕೂ ಹೆಚ್ಚು ಏರಿತು, ಅವು ಕೊಟ್ಟ ಉದ್ಯೋಗ ಮಾತ್ರ ಶೇ 1.5ರಷ್ಟು. ಸರ್ಕಾರದ ದಾಖಲೆಯೇ ಹೀಗೆ ಹೇಳುವಾಗ ಸಂಬಳ ಹಿಂದೆ ಬಿದ್ದಿದೆಯೋ ಇಲ್ಲವೋ ಎಂದು ವಾದಿಸುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ಅದು ಹಿಂದೆ ಬೀಳುವುದು ಹೇಗೆ, ಆ ಅಂತರವನ್ನು ಯಾರು ತುಂಬುತ್ತಿದ್ದಾರೆ ಎಂಬುದನ್ನು ನೋಡಬೇಕು.

ಒಂದು ವರ್ಷ ಹಿಂದಿನ ಬೆಲೆ

ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. ಐದು ವರ್ಷ ಮೀರದಂತೆ ದರಗಳನ್ನು ಪರಿಷ್ಕರಿಸಬೇಕು ಎನ್ನುತ್ತಿತ್ತು ಆ ಕಾಯ್ದೆ. ನಡುವಿನ ವರ್ಷಗಳಲ್ಲಿ ಸಂಬಳವನ್ನು ಕಾಯುವುದು ಡಿಎ ಒಂದೇ. ನಮ್ಮ ರಾಜ್ಯದಲ್ಲಿ ಜನವರಿಯಿಂದ ಡಿಸೆಂಬರ್‌ವರೆಗಿನ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ತೆಗೆಯುತ್ತಾರೆ. ಮೂಲ ಅಂಕಿಗಿಂತ ಅದು ಎಷ್ಟು ಅಂಶ ಏರಿದೆಯೋ, ಪ್ರತಿ ಅಂಶಕ್ಕೆ ದಿನಕ್ಕೆ ಇಷ್ಟು ಪೈಸೆ ಎಂದು ಗುಣಿಸುತ್ತಾರೆ. ಬಂದ ಮೊತ್ತ ಏಪ್ರಿಲ್ 1ರಿಂದ ಸಂಬಳಕ್ಕೆ ಸೇರುತ್ತದೆ.

2023ರ ಜುಲೈ ನೆನಪಿಸಿಕೊಳ್ಳಿ. ಕೋಲಾರದ ಮಾರುಕಟ್ಟೆಯ ಟೊಮೆಟೊ ಬೆಂಗಳೂರಿನ ತಳ್ಳುಗಾಡಿಗೆ ಬರುವಷ್ಟರಲ್ಲಿ ಕಿಲೋಗೆ ನೂರು ದಾಟಿತ್ತು. ತೊಗರಿಬೇಳೆಯೂ ಆ ವರ್ಷ ಏರುತ್ತಲೇ ಹೋಯಿತು. ಆಗಸ್ಟ್‌ನಲ್ಲಿ ಹಾಲಿಗೆ ಲೀಟರಿಗೆ ಮೂರು ರೂಪಾಯಿ ಸೇರಿತು. ಇವಕ್ಕೆಲ್ಲ ಡಿಎ ಸಿಗುವುದು 2024ರ ಏಪ್ರಿಲ್‌ನಲ್ಲಿ. ಅದೂ ಹನ್ನೆರಡು ತಿಂಗಳ ಸರಾಸರಿಯಲ್ಲಿ ಕರಗಿ, ಹಿಂಬಾಕಿ ಇಲ್ಲದೆ. ನಡುವಿನ ಒಂಬತ್ತು ತಿಂಗಳು ಆ ಏರಿಕೆಯನ್ನು ಹೊತ್ತವರು ಕಾರ್ಮಿಕರೇ. ಡಿಎ ಬಂದ ದಿನವೂ ಗಾರ್ಮೆಂಟ್ಸ್ ಹೆಂಗಸಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಕಳೆದ ವರ್ಷ ಕಳೆದುಕೊಂಡದ್ದರಲ್ಲಿ ಒಂದು ಪಾಲು ಈ ವರ್ಷ ಹಿಂದಕ್ಕೆ ಬರುತ್ತದೆ, ಅಷ್ಟೇ. 2020ರಲ್ಲಿ ಹಿಡಿದಿಟ್ಟುಕೊಂಡದ್ದು ಇಂಥ ಹಣವನ್ನು. ಆಕೆ ಆಗಲೇ ಅಂಗಡಿಗೆ ಕೊಟ್ಟು ಮುಗಿಸಿದ್ದ ದುಡ್ಡದು.

ಸರ್ಕಾರಿ ನೌಕರರ ಡಿಎ ನಡೆಯುವ ರೀತಿಯೇ ಬೇರೆ. ಮೂಲ ವೇತನದ ಮೇಲೆ ಶೇಕಡಾವಾರು, ವರ್ಷಕ್ಕೆ ಎರಡು ಸಲ. ಆದೇಶ ತಡವಾದರೂ ಹಿಂದಿನ ದಿನಾಂಕದಿಂದ ಲೆಕ್ಕ. ಅವರಿಗೆ ಹೆಚ್ಚು ಸಿಗುತ್ತದೆ ಎಂದು ನಾನು ದೂರುತ್ತಿಲ್ಲ. ಆ ಪದ್ಧತಿ ಸರಿಯಾಗಿದೆ, ಅದು ಎಲ್ಲರಿಗೂ ಸಿಗಬೇಕು ಎನ್ನುವುದಷ್ಟೇ ನನ್ನ ಮಾತು. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂದಾಗ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಈ ಕಾಲದಲ್ಲಿ ಒಂದು ಸಂಸಾರ ನಡೆಯಲು ಇಷ್ಟಾದರೂ ಬೇಕು ಎಂದು ಸರ್ಕಾರ ತನ್ನ ಕಚೇರಿಯ ಕೆಳಹಂತದ ನೌಕರನ ವಿಷಯದಲ್ಲಿ ಒಪ್ಪಿಕೊಂಡಿತು. ಅದೇ ಊರಿನಲ್ಲಿ, ಅದೇ ದಿನಸಿ ಅಂಗಡಿಯಲ್ಲಿ ಅಕ್ಕಿ ಕೊಳ್ಳುವ ಟೈಲರಿಗೆ ಹೆಚ್ಚುಕಡಿಮೆ ಅದರ ಅರ್ಧ.

ಲಗ್ಗೆರೆಯ ಒಂದು ಮನೆ

ಪೀಣ್ಯದ ಸುತ್ತ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ರಾಜಗೋಪಾಲನಗರದ ಗಲ್ಲಿಗಳಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ನಿಂತು ನೋಡಬೇಕು. ಎರಡೆರಡು ಡಬ್ಬಿಯ ಚೀಲ ಹಿಡಿದ ಹೆಂಗಸರು ಹತ್ತಾರು ಸಂದಿಗಳಿಂದ ಬಂದು ಮುಖ್ಯರಸ್ತೆಯಲ್ಲಿ ಕೂಡಿಕೊಳ್ಳುತ್ತಾರೆ. ತುಮಕೂರು, ಹಾಸನ, ಮಂಡ್ಯ, ರಾಮನಗರ, ಕುಣಿಗಲ್ ಕಡೆಯವರು. ಈಚೆಗೆ ರಾಯಚೂರು, ಕಲಬುರಗಿ ಕಡೆಯವರೂ, ಒಡಿಶಾ, ಜಾರ್ಖಂಡ್‌ನ ಹುಡುಗಿಯರೂ ಸೇರಿದ್ದಾರೆ. ಅವರಲ್ಲಿ ಒಬ್ಬರನ್ನು ನಾನು ಬಹಳ ವರ್ಷದಿಂದ ಬಲ್ಲೆ. ತುರುವೇಕೆರೆ ಕಡೆಯವರು. ಮದುವೆಯಾಗಿ ಬಂದವರು ಹೆಲ್ಪರ್ ಆಗಿ ಸೇರಿ, ಟ್ರಿಮ್ಮಿಂಗ್ ಮಾಡಿ, ಮಷಿನ್ ಕಲಿತು ಈಗ ಕಾಲರ್ ಕೂರಿಸುವ ಟೈಲರ್. ಶರ್ಟಿನ ಕೆಲಸದಲ್ಲಿ ಕಾಲರ್ ಸುಲಭದ್ದಲ್ಲ, ಅದನ್ನು ಎಲ್ಲರ ಕೈಗೂ ಕೊಡುವುದಿಲ್ಲ.

ಅವರು ತೋರಿಸಿದ ಪೇ ಸ್ಲಿಪ್ ಅಂಗೈಯಗಲದ ಕಾಗದ. ಮೇಲೆ ಮೂಲ ವೇತನ, ಕೆಳಗೆ ಡಿಎ, ಹಾಜರಾತಿಗೆ ಒಂದಿಷ್ಟು. ಒಟ್ಟು ಹದಿಮೂರು ಸಾವಿರದ ಆಸುಪಾಸು. ಅದರಲ್ಲಿ ಶೇ 12 ಪಿಎಫ್, ಶೇ 0.75 ಇಎಸ್‌ಐ. ಸುತ್ತು ಅಂಕಿಯಲ್ಲಿ ಹೇಳುವುದಾದರೆ ಹದಿಮೂರು ಸಾವಿರದಲ್ಲಿ 1,560 ಪಿಎಫ್‌ಗೆ, 98 ಇಎಸ್‌ಐಗೆ ಹೋಗಿ ಬ್ಯಾಂಕಿಗೆ ಬೀಳುವುದು 11,342. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ಹಾಜರಾತಿಯ ದುಡ್ಡೂ ಹೋಗುತ್ತದೆ. ಮಗುವಿಗೆ ಜ್ವರ ಬಂದ ತಿಂಗಳು ಎರಡು ಕಡೆಯಿಂದ ಕಡಿತ.

ಮನೆ ಅಂದರೆ ಒಂದು ರೂಮು, ಅಡುಗೆಗೆ ಮೂಲೆ, ಮೇಲೆ ಶೀಟು. ಬಾಡಿಗೆ ಐದೂವರೆ ಸಾವಿರ. ಕೈಗೆ ಬರುವ ಸಂಬಳದ ಅರ್ಧದ ಹತ್ತಿರ ಅಲ್ಲೇ ಮುಗಿಯಿತು. ಹಾಲು ದಿನಕ್ಕೆ ಅರ್ಧ ಲೀಟರ್, ತಿಂಗಳಿಗೆ ಏಳುನೂರರ ಮೇಲೆ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ಮುಕ್ಕಾಲು ಲೀಟರಿನಿಂದ ಅರ್ಧಕ್ಕೆ ಇಳಿಸಿದ್ದಂತೆ. ಗ್ಯಾಸ್, ಕ್ಯಾನ್ ನೀರು, ಊರಿನಲ್ಲಿರುವ ಅತ್ತೆಯ ಬಿಪಿ ಮಾತ್ರೆ. ರೇಷನ್ ಅಕ್ಕಿ ಬರುತ್ತದೆ, ಅದು ದೊಡ್ಡ ಆಸರೆ. ರಾಗಿ ಊರಿನಿಂದ. ಆದರೂ ಬೇಳೆ, ಎಣ್ಣೆ, ತರಕಾರಿ, ಸೋಪು ಎಂದು ಮೂರು ಸಾವಿರ ದಾಟುತ್ತದೆ. ಚಿಕ್ಕ ಮಗನನ್ನು ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದಾರೆ. ಅದರ ಶುಲ್ಕ ತಿಂಗಳಿಗೆ ಹರಡಿದರೆ ಎರಡು ಸಾವಿರ. ಅಲ್ಲಿಗೆ ಸಂಬಳ ಖಾಲಿ. ಬಟ್ಟೆ, ಬಸ್ಸು, ಮೊಬೈಲ್ ರೀಚಾರ್ಜ್, ಹಬ್ಬ, ಸೀಮಂತ, ಸಾವು ಇವಕ್ಕೆಲ್ಲ ಈ ಕಾಗದದಲ್ಲಿ ಜಾಗವಿಲ್ಲ. ಗಂಡನದ್ದು ಪೇಂಟಿಂಗ್ ಕೆಲಸ, ಮಳೆಗಾಲದಲ್ಲಿ ಇಲ್ಲ.

“ಏಪ್ರಿಲ್ ಬಂದ್ರೆ ನಮಗಿಂತ ಮುಂಚೆ ಓನರ್‌ಗೆ ಗೊತ್ತಾಗಿರುತ್ತೆ ಸಾರ್, ಡಿಎ ಬಂತು ಅಂತ. ಐನೂರು ಏರಿಸ್ತಾರೆ,” ಎಂದರು. ಆ ವಠಾರದ ಹತ್ತು ಮನೆಯಲ್ಲಿ ಎಂಟು ಗಾರ್ಮೆಂಟ್ಸ್ ಮನೆಗಳು. ಸಂಬಳ ಏರುವ ದಿನ ಓನರಿಗೆ ಗೊತ್ತಿಲ್ಲದೆ ಇರುವುದಿಲ್ಲ.

ಬಾಡಿಗೆಯ ಈ ಭಾರ ಸೂಚ್ಯಂಕದಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಕೈಗಾರಿಕಾ ಕಾರ್ಮಿಕರಿಗಾಗಿ ಕೇಂದ್ರದ ಕಾರ್ಮಿಕ ಬ್ಯೂರೊ ಮಾಡುವ ಬೆಲೆ ಸೂಚ್ಯಂಕದ ಮೂಲ ವರ್ಷ 2020ರಲ್ಲಿ 2001ರಿಂದ 2016ಕ್ಕೆ ಬದಲಾಯಿತು. ಆಹಾರದ ಪಾಲು ಶೇ 46ರಿಂದ 39ಕ್ಕೆ ಇಳಿಯಿತು. ವಸತಿಯ ಪಾಲು ಏರಿಯೂ ಶೇ 17ನ್ನು ಮುಟ್ಟಲಿಲ್ಲ. ಸ್ವಂತ ಮನೆಯವರು, ಕ್ವಾರ್ಟರ್ಸ್‌ನವರು, ಸಣ್ಣ ಊರಿನವರು ಎಲ್ಲರನ್ನೂ ಕೂಡಿಸಿದ ಸರಾಸರಿ ಅದು. ಸಂಬಳದ ಅರ್ಧವನ್ನು ಬಾಡಿಗೆಗೆ ಎಣಿಸಿಕೊಡುವ ಹೆಂಗಸಿನ ಬದುಕು ಆ ತಕ್ಕಡಿಯಲ್ಲಿ ತೂಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತೆಂದು ಸುದ್ದಿಯಾಯಿತು. ತರಕಾರಿ, ಬೇಳೆ ಅಗ್ಗವಾದದ್ದು ನಿಜ, ಅದರಿಂದ ಅನುಕೂಲವಾದದ್ದೂ ನಿಜ. ಆದರೆ ಲಗ್ಗೆರೆಯಲ್ಲಿ ಬಾಡಿಗೆ ಇಳಿಸಿದ ಓನರ್ ಯಾರೂ ಇಲ್ಲ, ಶಾಲೆಯ ಶುಲ್ಕವೂ ಇಳಿಯಲಿಲ್ಲ. ಸೂಚ್ಯಂಕ ಏರದಿದ್ದರೆ ಡಿಎಯೂ ಏರುವುದಿಲ್ಲ. ಬಾಡಿಗೆಯೊಂದೇ ಏರುತ್ತಾ ಹೋಗುತ್ತದೆ.

ಆ ಟೈಲರ್ ಪಕ್ಕದ ಮಷಿನ್‌ನಲ್ಲಿ ಹೋದ ವರ್ಷ ಸೇರಿದ ಹುಡುಗಿ ಕೂರುತ್ತಾಳೆ. ಇಬ್ಬರ ಸಂಬಳಕ್ಕೂ ಇರುವ ವ್ಯತ್ಯಾಸ ಕೆಲವೇ ನೂರು ರೂಪಾಯಿ. ಕಾಯ್ದೆ ಹೇಳುವುದು ಇದಕ್ಕಿಂತ ಕಡಿಮೆ ಕೊಡಬಾರದು ಎಂದು. ಗಾರ್ಮೆಂಟ್ಸ್‌ನಲ್ಲಿ ಅದು ಇದಕ್ಕಿಂತ ಹೆಚ್ಚು ಕೊಡಬೇಕಿಲ್ಲ ಎಂದಾಗಿದೆ. ಸರ್ವೀಸಿಗೆ ಬೆಲೆಯಿಲ್ಲ. ಐದು ವರ್ಷ ತುಂಬಿ ಗ್ರಾಚ್ಯುಟಿ ಸಿಗುವ ಮೊದಲೇ ಕೆಲಸ ಬಿಟ್ಟು, ಪಿಎಫ್ ತೆಗೆದುಕೊಂಡು, ಇನ್ನೊಂದು ಗೇಟಿನಲ್ಲಿ ಹೊಸಬರಾಗಿ ಸೇರುವವರು ಸಾಕಷ್ಟು ಜನ. ಹೊಸಬರಾದರೂ ಸಂಬಳ ಅಷ್ಟೇ ತಾನೇ.

ಸೊನ್ನೆ ಬಿಂದು ಎಂಟು

ಒಬ್ಬ ಕಾರ್ಮಿಕನಿಗೆ ಎಷ್ಟು ಬೇಕು ಎಂಬುದನ್ನು ಈ ದೇಶ ಬಹಳ ಹಿಂದೆಯೇ ಲೆಕ್ಕ ಹಾಕಿದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಪ್ಪಿದ ಮಾನದಂಡ ಅದು. ಆಹಾರ ತಜ್ಞ ಆಕ್ರಾಯ್ಡ್ ಹೇಳಿದಂತೆ ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿಯ ಊಟ. ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ಬಾಡಿಗೆ. ಉರುವಲು, ದೀಪ, ಇತರೆಗೆ ಕನಿಷ್ಠ ವೇತನದ ಶೇ 20. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಇನ್ನೊಂದು ಅಂಶ ಸೇರಿಸಿತು. ಮಕ್ಕಳ ಓದು, ವೈದ್ಯಕೀಯ ವೆಚ್ಚ, ಹಬ್ಬ ಹರಿದಿನ, ಮದುವೆ, ಮುಪ್ಪಿನ ಕಾಲ ಇವಕ್ಕಾಗಿ ಶೇ 25. ಕಾರ್ಮಿಕನೂ ಮನುಷ್ಯನಂತೆ ಬದುಕಬೇಕು ಎಂಬ ತಿಳಿವಳಿಕೆ ಆ ತೀರ್ಪಿನಲ್ಲಿದೆ. ಕನಿಷ್ಠ ವೇತನ ಕೊಡುವ ಶಕ್ತಿ ತನಗಿಲ್ಲ ಎಂದು ಮಾಲೀಕ ಹೇಳುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1961ರಲ್ಲೇ, ಕೇರಳದ ಹೆಂಚಿನ ಕಾರ್ಖಾನೆಗಳ ಉಣಿಚೋಯಿ ಪ್ರಕರಣದಲ್ಲಿ, ಇತ್ಯರ್ಥ ಮಾಡಿತ್ತು.

ಇದು ಒಳ್ಳೆಯ ಮಾನದಂಡ. ಆದರೆ ಇದರೊಳಗೆ ಒಂದು ಅಂಕಿಯಿದೆ, ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕುಟುಂಬವೆಂದರೆ ಮೂರು ಬಳಕೆ ಘಟಕ ಎಂದು ಲೆಕ್ಕ. ದುಡಿಯುವ ಗಂಡಸು ಒಂದು, ಹೆಂಡತಿ 0.8, ಎರಡು ಮಕ್ಕಳು ತಲಾ 0.6. ಗಂಡಸು ದುಡಿದು ತರುತ್ತಾನೆ, ಹೆಂಗಸು ಮನೆಯಲ್ಲಿರುತ್ತಾಳೆ, ಅವಳಿಗೆ ಕಡಿಮೆ ಊಟ ಸಾಕು. ನಾನು ಹೇಳಿದ ಟೈಲರ್ ಬೆಳಗ್ಗೆ ಐದಕ್ಕೆ ಏಳುತ್ತಾರೆ. ನೀರು ಹಿಡಿದು, ಅಡುಗೆ ಮಾಡಿ, ಡಬ್ಬಿ ಕಟ್ಟಿ, ಎಂಟು ಗಂಟೆ ಮಷಿನ್ ತುಳಿದು, ಟಾರ್ಗೆಟ್ ಮುಗಿಯದಿದ್ದರೆ ಇನ್ನೂ ಕೂತು, ರಾತ್ರಿ ಮತ್ತೆ ಒಲೆಯ ಮುಂದೆ ನಿಲ್ಲುತ್ತಾರೆ. ಅವರು ಸೊನ್ನೆ ಬಿಂದು ಎಂಟು. ಮನೆಯಲ್ಲಿ ಕೊನೆಗೆ ಉಣ್ಣುವವರೂ ಅವರೇ. ಬೆಲೆ ಏರಿದಾಗ ಮೊದಲು ಕಡಿಮೆಯಾಗುವುದು ಅವರ ತಟ್ಟೆಯ ಸಾರು, ಅವರ ಲೋಟದ ಹಾಲು. ಮುಕ್ಕಾಲು ಲೀಟರ್ ಅರ್ಧ ಲೀಟರ್ ಆದಾಗ ಮಕ್ಕಳ ಪಾಲು ಕಡಿಮೆಯಾಗಲಿಲ್ಲ. ಗಾರ್ಮೆಂಟ್ಸ್ ಬಡಾವಣೆಗಳಲ್ಲಿ ರಕ್ತಹೀನತೆ ಮನೆಮಾತು. ಇಎಸ್‌ಐ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅದನ್ನು ನುಂಗಲು ಹೊಟ್ಟೆಯಲ್ಲಿ ಊಟ ಇರಬೇಕಲ್ಲ.

ಅನೂಪ್ ಸತ್ಪಥಿ ಸಮಿತಿ 2019ರಲ್ಲಿ ಈ ಮೂರು ಘಟಕವನ್ನು 3.6ಕ್ಕೆ ಏರಿಸಲು ಹೇಳಿ, ರಾಷ್ಟ್ರೀಯ ಕನಿಷ್ಠ ವೇತನ ದಿನಕ್ಕೆ 375 ರೂಪಾಯಿ ಇರಲಿ ಎಂದು ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಅದೇ ವರ್ಷ ತಳಮಟ್ಟದ ವೇತನವನ್ನು 176ರಿಂದ 178ಕ್ಕೆ ಏರಿಸಿತು. ಎರಡು ರೂಪಾಯಿ.

ಸರ್ಕಾರವೇ ಹೇಳಿದ ಅಂಕಿ

ನಮ್ಮ ಹೈಕೋರ್ಟ್ 2023ರಲ್ಲಿ, ಕಾರ್ಮಿಕ ಸಂಘಟನೆಯ ಅರ್ಜಿಯ ಮೇಲೆ, ಕನಿಷ್ಠ ವೇತನವನ್ನು ರೆಪ್ಟಕೋಸ್ ಬ್ರೆಟ್ ತೀರ್ಪಿನ ಮಾನದಂಡದಂತೆ ಹೊಸದಾಗಿ ನಿಗದಿ ಮಾಡಬೇಕೆಂದು ರಾಜ್ಯಕ್ಕೆ ಹೇಳಿತು. 2025ರ ಏಪ್ರಿಲ್‌ನಲ್ಲಿ ಕಾರ್ಮಿಕ ಇಲಾಖೆ ಕರಡು ಅಧಿಸೂಚನೆ ಹೊರಡಿಸಿತು. ಬೆಂಗಳೂರು ಸೇರುವ ಮೊದಲ ವಲಯದಲ್ಲಿ ಅಕುಶಲ ಕೆಲಸಗಾರರಿಗೂ ತಿಂಗಳಿಗೆ 23,376 ರೂಪಾಯಿ ಎಂದಿತ್ತು. ಕರಡು ಹೊರಬಿದ್ದ ಕೂಡಲೇ ಮಾಲೀಕರ ಸಂಘಗಳಿಂದ ಆಕ್ಷೇಪ. ಇಷ್ಟು ಕೊಟ್ಟರೆ ಕಾರ್ಖಾನೆ ಮುಚ್ಚಬೇಕು, ಪಕ್ಕದ ರಾಜ್ಯಕ್ಕೆ ಹೋಗಬೇಕು ಎಂಬ ಹಳೆಯ ಮಾತು.

ಅದು 417 ರೂಪಾಯಿಯ ಕಾಲದಲ್ಲೂ ಕೇಳಿಬಂದ ಮಾತೇ. ಹಾಗೆಂದು ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಗಾರ್ಮೆಂಟ್ಸ್ ಮಾಲೀಕ ಶರ್ಟಿನ ದರವನ್ನು ತಾನೇ ನಿರ್ಧರಿಸುವುದಿಲ್ಲ, ಹೊರದೇಶದ ಖರೀದಿದಾರ ಹೇಳುತ್ತಾನೆ. ಪ್ರತಿ ಸೀಸನ್‌ನಲ್ಲೂ ಕೆಲವು ಸೆಂಟ್ ಇಳಿಸು ಎನ್ನುತ್ತಾನೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ಆರ್ಡರ್‌ಗಳು ಕೈತಪ್ಪಿದವು. ಸಣ್ಣ ಘಟಕಗಳ ಕಷ್ಟ ನಿಜವೇ. ಆದರೆ ಆ ಕಷ್ಟವನ್ನು ತಂದು ಹಾಕಲು ಇರುವ ಒಂದೇ ಹೆಗಲು ಟೈಲರಿನದ್ದೇ? ಬಟ್ಟೆಗೆ, ಗುಂಡಿಗೆ, ಕರೆಂಟಿಗೆ, ಬಡ್ಡಿಗೆ ಮಾರುಕಟ್ಟೆಯ ದರ ಕೊಡುವ ಕಾರ್ಖಾನೆ ದುಡಿಮೆಗೆ ಮಾತ್ರ ಕಳೆದ ವರ್ಷದ ದರ ಕೊಡುತ್ತದೆ. ನಮ್ಮ ಮಾಲೀಕರು ಸದಾ ಬೊಟ್ಟು ಮಾಡುವ ಬಾಂಗ್ಲಾದೇಶ 2023ರ ಕೊನೆಯಲ್ಲಿ ತನ್ನ ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ವೇತನವನ್ನು 8,000 ಟಾಕಾದಿಂದ 12,500ಕ್ಕೆ ಏರಿಸಿತು. ಕಾರ್ಮಿಕರು ಬೀದಿಗಿಳಿದ ಮೇಲೆ, ಜೀವಗಳು ಹೋದ ಮೇಲೆ. ಖರೀದಿದಾರರು ಅಲ್ಲಿಂದ ಎದ್ದು ಹೋಗಲಿಲ್ಲ.

ಇನ್ನೊಂದು ಹೋಲಿಕೆಗೆ ಹೊರದೇಶಕ್ಕೆ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ ವ್ಯಾಪ್ತಿಯ ಕೆಲಸಗಳಿಗೆ ಬೇರೆಯೇ ಕನಿಷ್ಠ ವೇತನವಿದೆ. 2024ರ ಅಕ್ಟೋಬರ್ 1ರಿಂದ ದೊಡ್ಡ ನಗರಗಳಲ್ಲಿ ಕಸ ಗುಡಿಸುವ, ಲೋಡ್ ಇಳಿಸುವ ಅಕುಶಲ ಕೆಲಸಕ್ಕೆ ದಿನಕ್ಕೆ 783 ರೂಪಾಯಿ, ತಿಂಗಳಿಗೆ 20,358 ನಿಗದಿಯಾಯಿತು. ಅಲ್ಲಿ ಡಿಎ ಬದಲಾಗುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲಿ ಮತ್ತು ಅಕ್ಟೋಬರ್‌ನಲ್ಲಿ. ಬೆಂಗಳೂರಿನಲ್ಲಿ ಆ ಕೆಲಸ ಮಾಡುವವರಿಗೂ, ಪೀಣ್ಯದಲ್ಲಿ ಕಾಲರ್ ಕೂರಿಸುವವರಿಗೂ ಹಾಲಿನ ದರ ಒಂದೇ.

ರಾಜ್ಯದ ಕರಡಿನ ಅಂಕಿಗೂ ಹದಿಮೂರು ಸಾವಿರಕ್ಕೂ ನಡುವೆ ಹತ್ತು ಸಾವಿರ ರೂಪಾಯಿಗೂ ಹೆಚ್ಚಿನ ಅಂತರ. ಬದುಕಲು ಇಷ್ಟು ಬೇಕು ಎಂದು ಸರ್ಕಾರವೇ ಲೆಕ್ಕ ಹಾಕಿ ಬರೆದಿರುವಾಗ, ಪ್ರತಿ ತಿಂಗಳೂ ಈ ಹತ್ತು ಸಾವಿರ ಎಲ್ಲಿಂದಲೋ ಬರುತ್ತಿರಲೇಬೇಕು.

ಬರುತ್ತಿರುವುದು ಹಲವು ಕಡೆಯಿಂದ. ಒಂದು, ಓಟಿ. ಕಾನೂನಿನ ಪ್ರಕಾರ ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟು ಕೂಲಿ. 2023ರಲ್ಲಿ ರಾಜ್ಯ ಕಾರ್ಖಾನೆ ಕಾಯ್ದೆಯನ್ನು ತಿದ್ದಿ ಮೂರು ತಿಂಗಳಲ್ಲಿ ಮಾಡಿಸಬಹುದಾದ ಓಟಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಸಂಬಳ ಸಾಲದವರು ಓಟಿ ಬೇಡ ಎನ್ನುವುದಿಲ್ಲ. ಮನೆಯಲ್ಲಿ ಮಕ್ಕಳು ಕತ್ತಲಾದರೂ ಕಾಯುತ್ತವೆ. ಎರಡು, ಸಾಲ. ಮನೆ ಬಾಗಿಲಿಗೆ ಬರುವ ಸಂಘದ ಸಾಲ, ಚೀಟಿ, ಗಿರವಿ ಅಂಗಡಿ. ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟದ್ದನ್ನು, ಪ್ರಾಣ ಬಿಟ್ಟದ್ದನ್ನು ಕಂಡು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಸಾಲದ ಮೂಲ ಹುಡುಕುತ್ತಾ ಹೋದರೆ ಎಷ್ಟೋ ಮನೆಗಳಲ್ಲಿ ಸಿಗುವುದು ಒಂದು ಆಸ್ಪತ್ರೆ ಬಿಲ್ಲು, ಒಂದು ಶಾಲೆಯ ಕಂತು, ಒಂದು ಮನೆಯ ಅಡ್ವಾನ್ಸು.

ಇತ್ತೀಚಿನದು ಸರ್ಕಾರದ ಗ್ಯಾರಂಟಿಗಳು. 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ತಿಂಗಳಿಗೆ 1,050 ರೂಪಾಯಿಯ ಬಸ್ ಪಾಸ್ ಮಾಡಿಸುತ್ತಿದ್ದ ಹೆಂಗಸರಿಗೆ ಅದು ಪೂರ್ತಿ ಉಳಿಯಿತು. ಎರಡೂವರೆ ಡಿಎಗೆ ಸಮ. ಗೃಹಲಕ್ಷ್ಮಿಯ ಎರಡು ಸಾವಿರ ಅನೇಕ ಮನೆಗಳಲ್ಲಿ ನೇರ ಶಾಲೆಯ ಶುಲ್ಕಕ್ಕೆ ಹೋಗುತ್ತದೆ. ಇವನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರು ಒಮ್ಮೆ ಪೇ ಸ್ಲಿಪ್ ನೋಡಬೇಕು. ಆದರೆ ಇದರಲ್ಲಿ ನನಗೆ ಒಂದು ಆತಂಕವೂ ಇದೆ. ಕಾರ್ಖಾನೆ ಕೊಡಬೇಕಾದ ಸಂಬಳದ ಒಂದು ಪಾಲನ್ನು ತೆರಿಗೆ ಹಣದಿಂದ ಸರ್ಕಾರ ತುಂಬುತ್ತಿದೆ. ಗ್ಯಾರಂಟಿ ಸಿಗುತ್ತಿದೆಯಲ್ಲ, ಸಂಬಳ ಯಾಕೆ ಏರಿಸಬೇಕು ಎಂಬ ಮಾತು ಮಾಲೀಕರ ಬಾಯಲ್ಲಿ ಬಾರದಂತೆ ನೋಡಿಕೊಳ್ಳಬೇಕು. ಗ್ಯಾರಂಟಿ ಮುಂದಿನ ಚುನಾವಣೆಯವರೆಗೆ ಇರಬಹುದು, ಇರದಿರಬಹುದು. ಸಂಬಳ ದುಡಿದದ್ದಕ್ಕೆ ಬರುವ ಹಕ್ಕು.

ಎಪ್ಪತ್ತೇಳು ದಿನ, ಎರಡು ದಿನ

ಇದೇ ಬೆಂಗಳೂರಿನಲ್ಲಿ ಸಂಬಳ ಬೆಲೆಯ ಜೊತೆ ನಡೆದ ಕಾಲವೂ ಇತ್ತು. 1980ರ ಡಿಸೆಂಬರ್‌ನಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನ ಕೇಳಿ ಮುಷ್ಕರ ಹೂಡಿದರು. ಅದು 77 ದಿನ ನಡೆಯಿತು. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಅವರಿಗೆ ಕಾಯಂ ಕೆಲಸವಿತ್ತು, ಕ್ವಾರ್ಟರ್ಸ್ ಇತ್ತು, ಕ್ಯಾಂಟೀನ್ ಇತ್ತು, ಸೂಚ್ಯಂಕ ಏರಿದರೆ ಏರುವ ಡಿಎ ಇತ್ತು, ಎದುರು ಕೂತು ಮಾತಾಡುವ ಯೂನಿಯನ್ ಇತ್ತು. ಅವರ ಮಕ್ಕಳು ಎಂಜಿನಿಯರ್‌ಗಳಾದರು. ವಿಜಯನಗರ, ಜಾಲಹಳ್ಳಿ, ದೂರವಾಣಿನಗರದ ಅರ್ಧ ಮಧ್ಯಮ ವರ್ಗ ಆ ಸಂಬಳದಿಂದ ಎದ್ದು ಬಂದದ್ದು.

ಗಾರ್ಮೆಂಟ್ಸ್ ಹೆಂಗಸರಿಗೆ ಇವುಗಳಲ್ಲಿ ಹೆಚ್ಚಿನವು ಇಲ್ಲ. ಸಂಘಟನೆಗಳು ಇವೆ, ಪ್ರಾಮಾಣಿಕವಾಗಿ ದುಡಿಯುತ್ತವೆ, ಡಿಎ ಬಾಕಿ ಬಂದದ್ದು ಅವುಗಳಿಂದಲೇ. ಆದರೆ ಸದಸ್ಯರು ಕಡಿಮೆ. ಯೂನಿಯನ್ ಹೆಸರೆತ್ತಿದವರು ಯಾವ ಲೈನಿಗೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದೂ 2016ರ ಏಪ್ರಿಲ್ 18 ಮತ್ತು 19ರಂದು ಅವರು ರಸ್ತೆಗೆ ಬಂದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ತಂದಿತ್ತು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಹೊಸೂರು ರಸ್ತೆ, ಜಾಲಹಳ್ಳಿ ಕ್ರಾಸ್, ಪೀಣ್ಯ ಎಲ್ಲ ಕಡೆ ಸಾವಿರಾರು ಹೆಂಗಸರು ಮಷಿನ್ ಬಿಟ್ಟು ಹೊರಬಂದರು. ಲಾಠಿ ಬೀಸಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಎರಡನೇ ದಿನ ಸಂಜೆಗೆ ಕೇಂದ್ರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಪಿಎಫ್ ಚಂದಾದಾರರಿಗೆ ಆ ಎರಡು ದಿನದ ಲಾಭ ಸಿಕ್ಕಿದೆ. ಆಗ ಬಹಳ ಜನ ಕೇಳಿದರು, ಪಿಎಫ್‌ಗಾಗಿ ಇಷ್ಟು ಸಿಟ್ಟೇಕೆ ಎಂದು. ತಿಂಗಳ ಸಂಬಳದಲ್ಲಿ ಒಂದು ಕಾಸೂ ಉಳಿಯದವರಿಗೆ ಕೂಡಿಟ್ಟ ಹಣ ಎಂದರೆ ಅದೊಂದೇ. ಮಗಳ ಮದುವೆ, ಊರಿನ ಮನೆಯ ಗೋಡೆ, ಸಾಲದ ಗಂಟು ಎಲ್ಲವೂ ಅದರ ಮೇಲೆ ನಿಂತಿತ್ತು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, 1948ರ ಕಾಯ್ದೆಯ ಜಾಗದಲ್ಲಿ ಈಗ ವೇತನ ಸಂಹಿತೆ ಇದೆ. ತಳಮಟ್ಟದ ವೇತನವನ್ನು ಕೇಂದ್ರ ನಿಗದಿ ಮಾಡುತ್ತದೆ, ಅದಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯುವಂತಿಲ್ಲ. ಆ ತಳವೇ 178ರಂಥ ಅಂಕಿಯಾದರೆ ಪ್ರಯೋಜನವಿಲ್ಲ. ಹೊಸ ಚೌಕಟ್ಟಿನಲ್ಲೂ ದರ ನಿಗದಿ ಮಾಡುವ ಅಧಿಕಾರ ರಾಜ್ಯಕ್ಕೆ ಉಳಿದಿದೆ. ಕುಟುಂಬದ ಲೆಕ್ಕದಲ್ಲಿ ದುಡಿಯುವ ಹೆಂಗಸನ್ನು ಪೂರ್ತಿ ಒಂದು ಎಂದು ಎಣಿಸಬಹುದು. ಬಾಡಿಗೆಯನ್ನು ಹಳೆಯ ವಸತಿ ಯೋಜನೆಯ ದರದಲ್ಲಿ ನೋಡುವುದನ್ನು ಬಿಟ್ಟು, ಲಗ್ಗೆರೆಯಲ್ಲಿ, ಬೊಮ್ಮನಹಳ್ಳಿಯಲ್ಲಿ, ಮದ್ದೂರಿನಲ್ಲಿ ಒಂದು ರೂಮಿಗೆ ಎಷ್ಟಿದೆ ಎಂದು ಕೇಳಿ ಬರೆಯಬಹುದು. ಐದು, ಹತ್ತು ವರ್ಷ ಸರ್ವೀಸ್ ಆದವರಿಗೆ ಕನಿಷ್ಠದ ಮೇಲೆ ಇಷ್ಟು ಎಂದು ಸೇರಿಸಬಹುದು. ಡಿಎಯನ್ನು ಕೇಂದ್ರದ ಕೆಲಸಗಾರರಿಗೆ ಮಾಡುವಂತೆಯೇ ಆರು ತಿಂಗಳಿಗೊಮ್ಮೆ ಲೆಕ್ಕ ಹಾಕಿ, ಹಿಂದಿನ ಆರು ತಿಂಗಳ ಹಿಂಬಾಕಿಯೊಂದಿಗೆ ಕೊಡಬಹುದು. ಇದಕ್ಕೆ ವಿಧಾನಸಭೆಯಲ್ಲಿ ಹೊಸ ಮಸೂದೆ ಬೇಕಿಲ್ಲ. ವಿಕಾಸಸೌಧದಲ್ಲಿ ಕಾರ್ಮಿಕ ಇಲಾಖೆಯ ಒಂದು ಅಧಿಸೂಚನೆ ಸಾಕು.